ಸುಮ್ಮನಿರಬೇಕಾದ ಪಂಪು

...ಅಲ್ಲವಾ ಪೂರ್ವಿ, ಹಿಂದ ನಿಂತು ಮಾತಾಡಬ್ಯಾಡ, ಈ ಕಡೆ ಬಾ. ಕಿಟಕಿ ಕಡೆ. ಹಾಂ, ಇಲ್ಲಿ ನಿಂದ್ರು, ಬೆಳಕಿಗೆ. ಆ ಮಾಸ್ಕ್ ತಗಿ, ಈಗೇನು ಧೂಳಿಲ್ಲ. ಈಗ ಹೇಳು... ಯಾಕ ನಗಾಕತ್ತಿ? ಮುದುಕ ಅಂದಮ್ಯಾಲೆ ಒಂದೆರಡು ಚಾಳಿ ಇರತಾವ. ನಾವು ಎಂಜಿನ್ ರೂಮಿನ ಮಂದಿ. ಮಾರಿ ನೋಡದಿದ್ರ ನಮಗ ಮಾತಾಡಿಧಂಗ ಆಗಂಗಿಲ್ಲ.

ಪಂಪು? ಚಾಲೂ ಮಾಡಿ ಕೇಳಾಕತ್ತೀನಲ್ಲ. ಮೋಹನರಾವ್ ಸಾಹೇಬ್ರು ಕಳಿಸ್ಯಾರೇನು ನಿನ್ನ? ಗೊತ್ತೈತಿ, ಲಾರಿ ಬಂದು ಗೇಟಿನಾಗ ನಿಂತೈತಿ, ಇವತ್ತ ಮಾಲು ವೈಜಾಗ್‌ಗೆ ಹೋಗಬೇಕು. ಸದ್ದು ಅಳಿಯೂ ಮೀಟರ್ ರಿಪೇರಿಗೆ ಹೋಗಿ ಅಲ್ಲೇ ಕುಂತೈತಿ. ಅದಕ್ಕ ಸಾಹೇಬ್ರು ಅಂದ್ರು, ಯಶವಂತ ಕಾಕಾನ ಕಿವಿ ಹೂಂ ಅಂದ್ರ ಸಾಕು ಅಂತ. ಇಡೀ ಕುಷಾಯಿಗೂಡದ ಕಾರ್ಖಾನಿಗಳಾಗ ಇಂಥಾ ಕಿವಿ ಇಲ್ಲಂತ. ಅವರು ಹೇಳೋದವಾ, ನಾ ಅಲ್ಲ.

ಈ ಕಟಗಿ ಕೋಲು ನೋಡು. ಒಂದು ತುದಿ ಬೇರಿಂಗ್ ಮ್ಯಾಲೆ, ಇನ್ನೊಂದು ತುದಿ ಕಿವಿ ಹಿಂದಿನ ಎಲುಬಿಗೆ. ಒಳಗ ಏನ್ ನಡದೈತಿ ಅಂತ ಅದು ಹೇಳತೈತಿ. ನಮ್ಮ ಹಡಗಿನಾಗ ಹಿಂಗ ಮಾಡತಿದ್ವಿ... ಯಾವ ಹಡಗು ಅಂದ್ರ? ನೀ ಹೊಸಬಳು, ನಿನಗ ಯಾರೂ ಹೇಳಿಲ್ಲೇನು? ಮೈನ್ ತಗಿಯೂ ಹಡಗು. ಸಮುದ್ರದಾಗ ವೈರಿ ಬಾಂಬು ಹುಗದಿಟ್ಟಿರತಾನ, ಅದಕ್ಕ ಮೈನ್ ಅಂತಾರ. ದೊಡ್ಡ ದೊಡ್ಡ ಹಡಗು ಬರೂಕಿಂತ ಮೊದಲ ನಮ್ಮ ಸಣ್ಣ ಹಡಗು ಹೋಗಿ ದಾರಿ ಹಸನ ಮಾಡಬೇಕು. ಮೈನಿನ ತಲಿಮ್ಯಾಲೇ ಓಡಾಡೂ ನೌಕರಿ.

ಅದಕ್ಕೂ ಬುದ್ಧಿ ಇರತೈತಿ ಮತ್ತ. ಒಂದು ನಮೂನಿಂದು ಕಬ್ಬಿಣ ಹತ್ರ ಬಂದ್ರ ಒಡೀತೈತಿ. ಇನ್ನೊಂದು ನಮೂನಿಂದಕ್ಕ ಕಿವಿ. ಹೌದವಾ, ಕಿವಿ. ಮ್ಯಾಲೆ ಹಡಗಿನ ಸದ್ದು ಕೇಳಿತು ಅಂದ್ರ ಮುಗೀತು. ಅದಕ್ಕ ನಮ್ಮ ಹಡಗು ಕಟಗೀದು, ಹತಾರ ಹಿತ್ತಾಳೀವು, ಬೆಲ್ಟಿನ ಬಕ್ಕಲ್ ಸೈತ ದಂಡಿಗೆ ಬಿಟ್ಟು ಹತ್ತತಿದ್ವಿ. ನಮ್ಮ ಮನಿಯಾಕಿ ಪ್ರೇಮಾ ಅಂತಿದ್ಲು, ನಿಮ್ಮ ಹಡಗಿನಾಗ ಕಬ್ಬಿಣದ್ದು ಅಂದ್ರ ನಿಮ್ಮ ತಲಿ ಒಂದ ಅಂತ... ನಕ್ಕಿ ನೋಡು. ಎಂಜಿನ್ನನ್ನ ರಬ್ಬರ್ ಮ್ಯಾಲೆ ಬಾಣಂತಿ ಕೂಡಿಸಿಧಂಗ ಕೂಡಸ್ತಿದ್ವಿ. ನೀರಿಗೆ ಸದ್ದು ಹೋಗಬಾರದಲ್ಲ. ನೀರಿಗೆ ಹೋಗತಿರಲಿಲ್ಲ, ಖರೆ. ಒಳಗಿದ್ದವರ ಕಿವ್ಯಾಗ ಮಾತ್ರ ಎಲ್ಲಾ ಬಂದು ತುಂಬತಿತ್ತು.

ಆ ಹಡಗೆಲ್ಲಾ ರಿಟೈರ್ ಆದ್ವು, ನಾನೂ ಆದೆ. ಈಗ ಹೊಸಾವು ಫೈಬರಿನಾವು ಮಾಡಬೇಕಂತ. ಈ ಪಂಪು ಅದರ ಸಲುವಾಗೇ.

ಹಾಂ? ನಿನ್ನೆ ಫೋನ್ ಯಾಕ ಎತ್ತಲಿಲ್ಲ ಅಂತೀಯಾ? ಅದು ಒಳಗಿತ್ತು, ನಾ ಹೊರಗಿದ್ದೆ. ನೀ ಮೆಸೇಜ್ ಹಾಕವಾ, ಅದ ಚೊಲೋ... ಏನು, ಕುಕ್ಕರಿನ ಸುದ್ದಿ? ಪ್ರೇಮಾ ನಿನಗೂ ಹೇಳಿದ್ಲಾ? ಊರೆಲ್ಲಾ ಡಂಗುರ ಹೊಡದಾಳ ಹಂಗಾರ. ಬ್ಯಾಳಿ ಹತ್ತಿದ್ದು ಖರೆ. ಸೀಟಿ ಮ್ಯಾಲೆ ಸೀಟಿ ಹೊಡೀತಂತ, ನಾ ಬಾಜೂಕ ಪೇಪರ್ ಓದಕೋತ ಕುಂತಿದ್ದೆ. ಲಕ್ಷ್ಯ ಇರಲಿಲ್ಲ, ಅಷ್ಟ.

ಡಾಕ್ಟರ್ ಕಡೆ ಯಾಕ ಹೋಗಬೇಕು? ಬೇಗಂಪೇಟೆದಾಗ ಕಿವಿ ಮಷೀನ್ ಕೊಡತಾರ, ನನಗೂ ಗೊತ್ತೈತಿ. ಅದನ್ನ ಹಾಕ್ಕೊಂಡು ಈ ಗೇಟಿನಾಗ ಕಾಲಿಡಲೇನು? ಮಾರನೇ ದಿನ ಮನಿಗೆ ಕಳಸ್ತಾರ. ಮನ್ಯಾಗ ಕುಂತು ಏನ್ ಮಾಡ್ಲಿ ಪೂರ್ವಿ, ಅಲ್ಲಿ ನನ್ನಿಂದ ಯಾರಿಗೂ ಏನೂ ಆಗಬೇಕಾಗಿಲ್ಲ. ಇಲ್ಲಿ ಬಂದ್ರ "ಕಾಕಾ, ಒಂಚೂರು ನೋಡ್ರಿ" ಅಂತಾರ. ಆ ಒಂದು ಮಾತಿಗೆ ದಿನಾ ಅಂಗಿ ಇಸ್ತ್ರಿ ಮಾಡಿ ಹಾಕ್ಕೊಂಡು ಬರತೀನಿ.

ಆತು ಆತು, ಪಂಪು. ಕೇಳತೀನಿ... ಹೂಂ... ಹೂಂ... ನೋಡು, ಅಂಗೈ ಇಟ್ಟೀನಿ. ನಡಗೋದು ಸಮಾ ಐತಿ, ಅಂಬಲಿ ಕುದ್ಧಂಗ. ಪಾಸ್... ಕೈ ಅಲ್ಲ, ಕೋಲು ಅಂತೀಯಾ? ಕೋಲಿನಿಂದನೂ ಕೇಳಿದೆ, ನೀ ನೋಡಲಿಲ್ಲೇನು? ಚೊಲೋ ಐತಿ... ಬೇರಿಂಗಿನಿಂದ ಸಣ್ಣ ಚೀರು ದನಿ ಬರಾಕತ್ತಿಲ್ಲ ಅಂತ ಖಾತ್ರಿ ಏನು ಅಂತ ನನ್ನ ಕೇಳತೀಯಾ? ಮೈಸೂರಿನಾಗ ನೀ ಇನ್ನೂ ತೊಟ್ಟಿಲದಾಗ ಇದ್ದಾಗ ನಾ ಬೇರಿಂಗ್ ಕೇಳತಿದ್ದೆ ತಂಗಿ. ಪಾಸ್ ಅಂದೆನಲ್ಲ.

ಬಾಗಿಲದಾಗ ಮಂದಿ ಯಾಕ ನಿಂತಾರ? ಸಾಹೇಬ್ರೂ ಬಂದ್ರು ನೋಡು. ಸಾರ್, ಅಂತಾ ಬಾಗುಂದಿ, ಎಲ್ಲಾ ಚೊಲೋ ಐತಿ, ಲಾರಿ ತುಂಬಸ್ರಿ... ಯಾಕ ಮಿಸುಕಾಡವಲ್ರು? ಆ ವೆಲ್ಡರ್ ಯಾಕ ಕಿವ್ಯಾಗ ಬಟ್ಟು ಹಾಕ್ಕೊಂಡಾನ, ಚೇಷ್ಟಿ ಮಾಡಾಕತ್ತಾನೇನು?

ಏನಂದಿ? ನಿಧಾನ ಅನ್ನು, ನಿಮ್ಮ ಮೈಸೂರು ಮಾತು ಭಾಳ ಅವಸರದ್ದು... "ಕಾಕಾ... ನಾನು ಬಂದಾಗಿನಿಂದ..." ಹೂಂ, ಬಂದಾಗಿನಿಂದ? "...ದನಿನೇ ತೆಗೆದಿಲ್ಲ... ಬರೀ ತುಟಿ ಆಡಿಸ್ತಿದೀನಿ."

...

ಮಾಸ್ಕ್ ತಗದಾಗಿನಿಂದನಾ? ಫೋನಿನ ಮಾತು, ಕುಕ್ಕರಿನ ಮಾತು... ಒಂದಕ್ಕೂ ದನಿ ಇರಲಿಲ್ಲೇನು?

ಅಳಬ್ಯಾಡವಾ. ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ. ಪರೀಕ್ಷಾ ಮಾಡಿದಿ, ಮಾಡಬೇಕಾದ್ದ. ಸಾಹೇಬ್ರಿಗೆ ಮಾತ್ರ ಹೇಳಬ್ಯಾಡ... ಅಲ್ಲ, ಹೇಳು. ಹೇಳಬೇಕು. ಆ ಹಡಗಿನಾಗ ಹುಡುಗ್ರು ಇರತಾರ, ಕೆಳಗ ಆ ಮೈನು ಕಿವಿ ಕೊಟ್ಟು ಕುಂತಿರತೈತಿ. ಸಣ್ಣ ಚೀರು ಅಂಗೈಗೆ ಹತ್ತಂಗಿಲ್ಲ, ಅದೂ ನನಗ ಗೊತ್ತಿತ್ತು. ಗೊತ್ತಿದ್ದೂ ಪಾಸ್ ಅಂದೆ. ಏನ್ ಮಾಡ್ಲವಾ, ಕೇಳಸಂಗಿಲ್ಲ ಅಂತ ಅನ್ನಾಕ ನನಗ ಬಾಯಿ ಬರಲಿಲ್ಲ. ಅಂಜಿಕಿ ಬಂತು.

ಹಿಡಿ, ಈ ಕೋಲು ಹಿಡಿ. ನೀ ಹಚ್ಚಿ ಕೇಳು. ಸೂಜಿಯಂಥಾ ಸಣ್ಣ ದನಿ ಇರತೈತಿ, ಕಣ್ಣು ಮುಚ್ಚಿ ಕೇಳಬೇಕು. ನಿನಗ ಬಂದ್ರ ನನಗ ಹೇಳು, ನಾನ ಹೋಗಿ ಸಾಹೇಬ್ರಿಗೆ ಹೇಳತೀನಿ... ಯಾಕ ತಲಿ ಅಲ್ಲಾಡಸ್ತಿ? ಹಿಡಿಯವಾ.

...ಕೋಲು ಬ್ಯಾಡಾ?

ಅಲ್ಲಿ, ಬಾಗಿಲದಾಗ ನಿಂತವರಿಗೂ... ಅಷ್ಟು ದೂರಕ್ಕ ಇದು ಚೀರೋದು ಕೇಳಸಾಕತ್ತೈತೇನು?