ಔಡಲೆಣ್ಣೆಯ ಮರುದಿನ

ನನ್ನ ಭಾಷಣ ಆ ಔಡಲೆಣ್ಣೆಯ ಬಟ್ಟಲಿನ ಹತ್ತಿರ ಬಂದಾಗಲೇ ನಿನ್ನೆ ನೀವು ಗಂಟೆ ಬಾರಿಸಿ ನನ್ನನ್ನು ಕೂರಿಸಿದಿರಿ. ಆದ್ದರಿಂದ, ಅಧ್ಯಕ್ಷಸ್ಥಾನದಲ್ಲಿರುವ ಹಿರಿಯರಾದ ಸಿದ್ದಲಿಂಗಪ್ಪನವರೇ, ಎರಡು ದಿನದ ವಾರ್ಷಿಕೋತ್ಸವ ಆಚರಿಸುತ್ತಿರುವ ಈ ವೈದ್ಯಶಾಲೆಯ ವೈದ್ಯ ಶಾಂತಯ್ಯನವರೇ, ಹಳೇ ಹುಬ್ಬಳ್ಳಿಯ ಸಭಿಕರೇ, ಆ ಬಟ್ಟಲನ್ನು ಇಂದು ಕುಡಿದು ಮುಗಿಸೋಣ.

ಶರದೃತುವಿನ ಬಿಸಿಲಿಗೆ ಮೈಯಲ್ಲಿ ಪಿತ್ತ ಕೆರಳುತ್ತದೆ, ವೈದ್ಯರು ಭೇದಿಗೆ ಕೊಟ್ಟು ಅದನ್ನು ಇಳಿಸುತ್ತಾರೆ. ಕುಡಿಯುವ ಧೈರ್ಯ ನಮ್ಮ ಊರಿನಲ್ಲಿ ಯಾರಿಗಿಲ್ಲ? ಮುಂಜಾನೆ ಕುಡಿಯುತ್ತೇವೆ, ಮಧ್ಯಾಹ್ನದವರೆಗೆ ಹಿತ್ತಲಿಗೆ ಓಡಾಡುತ್ತೇವೆ, ಸಂಜೆ "ಮೈ ಹಗುರಾತು" ಎನ್ನುತ್ತ ಮಿರ್ಚಿ ಭಜಿಯ ಅಂಗಡಿಯ ಮುಂದೆ ನಿಲ್ಲುತ್ತೇವೆ. ನಾನೂ ನಿಂತವನೇ. ಮುಂದಿನ ವರ್ಷ ಅದೇ ಪಿತ್ತ, ಅದೇ ಬಟ್ಟಲು, ಅದೇ ಭಜಿ!

ಹೋದ ವರ್ಷ ಶಾಂತಯ್ಯನವರು ನನ್ನನ್ನು ತಡೆದರು. "ಹೊಟ್ಟಿ ತೊಳಕೊಳ್ಳೋದು ಒಂದ್ ಮುಂಜಾನಿ ಕೆಲಸರಿ, ಸಾವಕಾರ್ರ. ಈಗ ನಿಮ್ಮ ಹಸಿವು ಕಿಡಿ ಇದ್ದಂಗ. ದೊಡ್ಡ ಕಟಗಿ ಹೇರಿದ್ರ ಆರತೈತಿ. ಹುಲ್ಲು ಹಾಕ್ರಿ." ಹುಲ್ಲೆಂದರೆ ಮೊದಲು ತಿಳಿಗಂಜಿ, ಆಮೇಲೆ ಗಟ್ಟಿಗಂಜಿ, ಆಮೇಲೆ ಹೆಸರುಬೇಳೆಯ ಕಟ್ಟು. ಒಂದು ವಾರ.

ಕಾಸುವವರು ಯಾರು? ನನ್ನ ಹೆಂಡತಿ ಬಾಳವ್ವ ತೀರಿಕೊಂಡಿದ್ದಳು. ಅವಳಿದ್ದಾಗ ನೀರು ಬೇಕಾದರೂ ಅಡುಗೆಮನೆಯ ಹೊಸ್ತಿಲಿನ ಈಚೆ ನಿಂತು ಕೇಳಿದವನು ನಾನು. ಅವಳು ಹೋದಮೇಲೆ ಅಕ್ಕ ಈರವ್ವನ ಮನೆಯಿಂದ ಖಾರದ ಬುತ್ತಿ ಬರುತ್ತಿತ್ತು. ಅಕ್ಕ ಹೇಳಿದಳು: "ಗಂಜಿ ಕಾಸಾಕರ ಮನ್ಯಾಗ ಒಬ್ಬಾಕಿ ಬೇಕೋ ತಮ್ಮಾ. ನಿನಗೇನ್ ಮಹಾ ವಯಸ್ಸಾಗೇತಿ? ಹೂಂ ಅನ್ನು." ಕನ್ಯೆಯನ್ನೂ ನೋಡಿಟ್ಟಿದ್ದಳು. ಹೆಸರು ಹೇಳುವುದು ಸಭ್ಯತನವಲ್ಲ. ಧಾರವಾಡದ ಟ್ರೇನಿಂಗ್ ಶಾಲೆಯಲ್ಲಿ ಕಲಿಯುತ್ತಿರುವ, ನಮ್ಮ ಅಧ್ಯಕ್ಷರ ತಂಗಿಯ ಮಗಳು ಎಂದಷ್ಟೇ ಹೇಳುತ್ತೇನೆ. ನನ್ನ ಹೂಂಗಾಗಿ ಅವರು ವರ್ಷದಿಂದ ಕಾದಿದ್ದಾರೆ. ಇಂದು ಸಭೆ ಮುಗಿದ ಕೂಡಲೇ ನಿಶ್ಚಯದ ವೀಳ್ಯ ಹಿಡಿಸುವುದಂತೆ, ಹುಡುಗಿಯ ಸಾಲಿ ಬಿಡಿಸುವುದಂತೆ.

ಹೂಂ ಅನ್ನುವ ಮೊದಲು ಗಂಜಿ ಎಂದರೇನೆಂದು ನೋಡೋಣವೆಂದು ನಾನೇ ಒಲೆ ಹಚ್ಚಿದೆ. ತಳ ಹತ್ತಿತು. ಹೊಗೆ ನನ್ನ ಹತ್ತಿಮೂಟೆಗಳಿರುವ ಹಿತ್ತಲ ಗೋಡೆ ದಾಟಿತು. ಆಚೆ ಮನೆಯ ಖಾತುನಬಿ ಕೂಗಿದಳು:

"ಸಾವಕಾರ್ರ, ಹತ್ತಿ ಅಂಡಿಗಿಗೆ ಬೆಂಕಿ ಬಿತ್ತೇನ್ರಿ?"

"ಇಲ್ಲವ್ವಾ, ಗಂಜಿ ಕಾಸಾಕತ್ತೇನಿ."

"ಯಾ ಅಲ್ಲಾ! ನೀರನ್ನೂ ಸುಡೋರನ್ನ ಇವತ್ತ ನೋಡಿದ್ನಿ!"

ಮರುದಿನ ತಳ ಹತ್ತಲಿಲ್ಲ. ವಾರ ಮುಗಿದ ಮೇಲೂ ನಾನು ಒಲೆ ಬಿಡಲಿಲ್ಲ. ಸಭಿಕರೇ, ಈ ಹತ್ತಿ ವ್ಯಾಪಾರಿ ಈಗ ಜೋಳದ ರೊಟ್ಟಿ ಬಡಿಯುತ್ತಾನೆ. ನಗಬೇಡಿ, ಉಬ್ಬುತ್ತದೆ! ಉಬ್ಬಿದಾಗ ಮನೆಯಲ್ಲಿ ತೋರಿಸಲು ಯಾರೂ ಇರುವುದಿಲ್ಲ. ಗೋಡೆಯ ಮೇಲೆ ಎತ್ತಿ ಖಾತುನಬಿಗೇ ತೋರಿಸುತ್ತೇನೆ.

ನಾನು ಇಂಟರ್‌ವರೆಗೆ ಓದಿದವನು. ನಮ್ಮ ಪ್ರೊಫೆಸರರು ರೂಢಿಯ ಮಾತು ಬಂದಾಗ "ಹ್ಯಾಬಿಟ್ ಈಸ್ ಎ ಸೆಕೆಂಡ್..." ಎನ್ನುತ್ತಿದ್ದರು. ಸೆಕೆಂಡ್ ಏನೆಂಬುದು ಮರೆತಿದೆ. ಸೆಕೆಂಡ್ ಕ್ಲಾಸಂತೂ ಅಲ್ಲ, ಅದು ನನಗೆ ಬಂದಿದ್ದರೆ ನೆನಪಿರುತ್ತಿತ್ತು. ನನಗೆ ತಿಳಿದದ್ದು ಇಷ್ಟು: ಬಟ್ಟಲು ಎತ್ತಲು ಒಂದು ಮುಂಜಾನೆಯ ಧೈರ್ಯ ಸಾಕು. ಆಮೇಲೊಂದು ದಿನ ಒಲೆ ಹಚ್ಚಲು ಬೇಸರ ಬರುತ್ತದೆ ನೋಡಿ, ಆಗಲೂ ಹಚ್ಚಬೇಕು.

ಆ ಹುಡುಗಿಯನ್ನು ಒಮ್ಮೆ ಧಾರವಾಡದ ಸ್ಟೇಶನ್ನಿನಲ್ಲಿ ಕಂಡಿದ್ದೇನೆ. ನಡೆಯುತ್ತಲೇ ಪುಸ್ತಕ ಓದುತ್ತಿದ್ದಳು. ಹಮಾಲನಿಗೆ ಹಾಯ್ದು, "ನೋಡಿ ನಡೀರಿ ಕಾಕಾ!" ಎಂದು ಅವನನ್ನೇ ಬೈದಳು. ಅಂಥವಳು ಶಿಕ್ಷಕಿಯಾಗಬೇಕು, ಅಲ್ಲವೇ? ಗಂಜಿಗಾಗಿ, ಸಿದ್ದಲಿಂಗಪ್ಪನವರೇ, ಬರೀ ಗಂಜಿಗಾಗಿ ಅವಳ ಸಾಲಿ ಬಿಡಿಸಬೇಡಿರಿ. ನನ್ನ ಗಂಜಿ ನನಗೆ ಬರುತ್ತದೆ. ನನ್ನ ಉತ್ತರ, ಇಲ್ಲ.

ಸಿಟ್ಟು ಬಂದಿದ್ದರೂ ಇಂದು ರಾತ್ರಿ ನಮ್ಮ ಮನೆಗೆ ಊಟಕ್ಕೆ ಬರ್ರಿ. ನಾಲ್ಕು ರೊಟ್ಟಿ ಉಂಡು ಆಮೇಲೆ ಬೈಯಿರಿ.

ಅರೆ, ಕಿಟಕಿಯ ಬೆಳಕು ಹೋಗಿಯೇಬಿಟ್ಟಿತು. ಸಭಿಕರೇ, ನಿಮ್ಮ ಮುಖ ನನಗೆ ಇಲ್ಲಿಂದ ಕಾಣುತ್ತಿಲ್ಲ, ನಗುತ್ತಿದ್ದೀರೋ ಏನೋ. ಕಾಣುತ್ತಿದ್ದರೆ ಇಷ್ಟು ಹೇಳುತ್ತಿದ್ದೆನೋ ಇಲ್ಲವೋ. ಕಂದೀಲು ಬರುವ ಮೊದಲೇ ಇಳಿಯುತ್ತೇನೆ, ಮನೆಯಲ್ಲಿ ಇಬ್ಬರಿಗೆ ಹಿಟ್ಟು ನಾದಬೇಕು. ಎರಡು ದಿನ ನನ್ನನ್ನು ಸಹಿಸಿದ ನಿಮಗೆಲ್ಲ ಉಪಕಾರ. ನಮಸ್ಕಾರ.