ಬಾಲ ಬರೋ ತನಕ

ಆ ಕಿಟಕಿ ಹಾಕಿಬಿಡಿ. ಚಳಿಗಲ್ಲ… ಗೋಡೆಯ ಆಚೆಯವರ ವಿಷಯ ಹೇಳೋದು, ಅವರಿಗೆ ಕೇಳಿಸಬಾರದು.

ಪಕ್ಕದ ಮನೆಯ ಕನ್ನಡಕದಂಗಡಿಯವನಿಗೆ ಆದದ್ದು ಇದು. ಹಗಲೆಲ್ಲ ಮಸೂರ ಅರೆಯೋ ಕೆಲಸ, ರಜೆ ಬಂತೆಂದರೆ ಬೆಟ್ಟದ ದಾರಿಯಲ್ಲಿ ಬೈಕು. ಬೈಕು ಅಂದರೆ ಹಾಲು ತರೋ ಬೈಕಲ್ಲ. ಟ್ಯಾಂಕಿಗೆ ಹೊಟ್ಟೆ ಒತ್ತಿ, ಕಪ್ಪೆ ಹಾಗೆ ಕೂತು ಓಡಿಸೋ ರೇಸಿನ ಬೈಕು. ಅದರ ಸದ್ದಿಗೆ ತೊಟ್ಟಿಲ ಮಗು ಬೆಚ್ಚಿ ಏಳಬೇಕು. ಅದಕ್ಕೇ ರಾತ್ರಿ ತಡವಾದರೆ ಬೀದಿಯ ತುದಿಯಲ್ಲೇ ಇಂಜಿನ್ ಆರಿಸಿ, ಹಳೇ ಬಾವಿಯ ಪಕ್ಕದಿಂದ ತಳ್ಳಿಕೊಂಡು ಬರುತ್ತಿದ್ದ. ಊರಿಗೆ ಹೆದರದಿದ್ದರೂ ಹೆಂಡತಿಗೆ ಹೆದರಬೇಕಲ್ಲ.

ಆ ರಾತ್ರಿಯೂ ಹಾಗೇ ಬರುತ್ತಿದ್ದ. ಬಿಸಿ ಇಂಜಿನ್ ಆರುತ್ತಾ ಟಿಕ್… ಟಿಕ್… ಅನ್ನುತ್ತಿತ್ತು. ಚೈನು ಕಿರ್ ಕಿರ್. ಬಾವಿ ದಾಟಿದ. ಹಿಂದಿನಿಂದ ಒಂದು ಸೀಟಿ… ಪೀ……… ಉದ್ದಕ್ಕೆ. ಊದಿದವನ ಉಸಿರು ಮುಗಿಯೋ ತನಕ.

ತಿರುಗಿ ನೋಡಿದ. ಬಾವಿಕಟ್ಟೆ, ಅದರ ಮೇಲಿನ ಕಬ್ಬಿಣದ ಜಾಲರಿ, ಬೀದಿದೀಪ. ಮತ್ತೇನಿಲ್ಲ.

ನೀವೋ ನಾನೋ ಆಗಿದ್ದರೆ ಯಾರೋ ಕಾವಲಿನವನು ಅಂದುಕೊಂಡು ಹೋಗಿ ಮಲಗುತ್ತಿದ್ದೆವು. ಇವನ ಕೈ ಜಾರಿ ಬೈಕು ಗೋಡೆಗೆ ಬಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ… ಆ ಸೀಟಿ ಯಾರದು ಅಂತ ಇವನಿಗೆ ಗೊತ್ತಿತ್ತು.

ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಬೆಟ್ಟಕ್ಕೆ ಹೋಗೋ ಇವರ ಗುಂಪಿಗೊಂದು ಕಟ್ಟುಪಾಡಿತ್ತು. ಎಲ್ಲರಿಗಿಂತ ಮುಂದೆ ಜಿಮ್ಮಿನ ಯಜಮಾನ, ಅವನೇ ನಾಯಕ. ಎಲ್ಲರಿಗಿಂತ ಹಿಂದೆ ಇವನು. ಅದಕ್ಕೇ ಇವನಿಗೆ ಅಲ್ಲಿ ‘ಬಾಲ’ ಅಂತಲೇ ಹೆಸರು. ದಾರಿ ಕವಲೊಡೆಯೋ ಕಡೆ ನಾಯಕ ಎಡಗೈಯಿಂದ ರಸ್ತೆಯ ಅಂಚು ತೋರಿಸುತ್ತಾನೆ. ಅವನ ಬೆನ್ನಿಗಿರೋನು ಅಲ್ಲಿ ನಿಂತುಬಿಡಬೇಕು. ನಿಂತು, ಬರೋರಿಗೆಲ್ಲ ಕೈ ಚಾಚಿ ದಾರಿ ತೋರಿಸಬೇಕು. ಬಾಲ ಬರೋ ತನಕ ಜಾಗ ಬಿಡೋ ಹಾಗಿಲ್ಲ. ಮಳೆ ಬರಲಿ, ಗುಡ್ಡ ಬೀಳಲಿ. ಬಾಲ ಬಂದರೆ ಬಿಡುಗಡೆ, ಅದರ ಮುಂದೆ ಸೇರಿಕೊಂಡು ಹೊರಡಬಹುದು. ಬಾಲದ ಹಿಂದೆ ಮಾತ್ರ ಯಾರೂ ಇರಬಾರದು… ಇದನ್ನು ನೆನಪಿಟ್ಟುಕೊಳ್ಳಿ.

ಆ ಗುಂಪಿಗೆ ಒಬ್ಬ ಡ್ರಿಲ್ ಮೇಷ್ಟ್ರು ಸೇರಿದರು. ಶಾಲೆಯಿಂದ ನಿವೃತ್ತಿ, ಹೆಂಡತಿ ತೀರಿಕೊಂಡಿದ್ದರು, ಇದ್ದದ್ದು ಮಗಳೊಬ್ಬಳು. ‘ಅರವತ್ತಕ್ಕೆ ಅರಳು ಮರಳು’ ಅಂತ ಎಲ್ಲರೂ ಹಿಂದಿನಿಂದ ನಗೋರೇ. ಮೇಷ್ಟ್ರು ತಿರುವಿನಲ್ಲಿ ಬೈಕು ಬಗ್ಗಿಸೋದು, ಮೆಟ್ಟಿಲ ಮೇಲೆ ಬೀರು ಸಾಗಿಸೋದು, ಎರಡೂ ಒಂದೇ. ಆದರೆ ನಿಲ್ಲಿಸಿದ ಕಡೆ ನಿಲ್ಲೋದರಲ್ಲಿ ಅವರನ್ನು ಮೀರಿಸೋರಿರಲಿಲ್ಲ. ಹಳದಿ ಜಾಕೆಟ್ಟು, ಎದೆ ಸೆಟೆದು, ಎಡಗೈ ಚಾಚಿ. ಕೊರಳಲ್ಲಿ ಶಾಲೆಯ ಸೀಟಿ. ನಿಂತ ಕೂಡಲೇ ಒಂದು ಉದ್ದ ಸೀಟಿ: ಇಲ್ಲಿದ್ದೀನಿ ಅಂತ. ಬಾಲ ಬಂದರೆ ಎರಡು ಗಿಡ್ಡ ಸೀಟಿ: ಮುಗೀತು, ಹೊರಟೆ ಅಂತ.

ಆ ಸಲ ಹೋದದ್ದು ಬಹಳ ಎತ್ತರದ ದಾರಿ. ಮರಗಿಡವೆಲ್ಲ ಕೆಳಗೇ ಉಳಿದುಬಿಡುತ್ತೆ. ಗಾಳಿ ತೆಳು, ಮನುಷ್ಯನಿಗೂ ಏದುಸಿರು, ಬೈಕಿಗೂ ಏದುಸಿರು. ನೆತ್ತಿಯ ಕವಲಿನಲ್ಲಿ ನಾಯಕ ಮೇಷ್ಟ್ರನ್ನು ನಿಲ್ಲಿಸಿದ. ಉಳಿದವರು ದಾಟಿದರು. ಇವನು ಇನ್ನೂ ಕೆಳಗಿದ್ದ. ಹೆಲ್ಮೆಟ್ಟಿನೊಳಗಿನ ಸ್ಪೀಕರಿನಲ್ಲಿ ನಾಯಕನ ದನಿ ಕೇಳಿಸಿತು.

“ಬಾಲ… ಮೇಲೆ ಬರ್ಬೇಡ. ಕೆಳಗಿನ ಸುರಂಗದಲ್ಲಿ ಈಚೆ ಬಾ.”

“ಮೇಷ್ಟ್ರು ನಿಂತಿರ್ತಾರಲ್ಲೋ.”

“ನಿಂತಿರ್ಲಿ. ಎಷ್ಟು ಹೊತ್ತು ನಿಲ್ತಾರೆ ನೋಡೇಬಿಡೋಣ.”

“ಚಳಿ ಕಣೋ…”

“ಡ್ರಿಲ್ ಮಾಡ್ಕೊಳ್ಳಲಿ ಬಿಡು.”

ಎಲ್ಲರ ನಗುವೂ ಒಟ್ಟಿಗೆ ಕಿವಿಗೆ ಬಿತ್ತು. ಮೇಷ್ಟ್ರದು ಹಳೇ ಹೆಲ್ಮೆಟ್ಟು, ಅದರಲ್ಲಿ ಸ್ಪೀಕರಿರಲಿಲ್ಲ. ಇವನೂ ನಕ್ಕ. ಸುರಂಗಕ್ಕೆ ತಿರುಗಿಸಿದ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆಚೆ ಕಡೆ ವಸತಿಗೃಹದಲ್ಲಿ ಇವರು ಹೀಟರಿನ ಮುಂದೆ ಕೈ ಕಾಯಿಸುತ್ತಾ ಬಾಜಿ ಕಟ್ಟುತ್ತಿದ್ದಾಗ ಹಿಮ ಶುರುವಾಯಿತು. ಬೆಟ್ಟದ ರಸ್ತೆಗೆ ಗೇಟು ಬಿತ್ತು. “ಇಷ್ಟು ಹೊತ್ತಿಗೆ ವಾಪಸ್ ಇಳ್ದಿರ್ತಾರೆ,” ಅಂದ ನಾಯಕ. ಇಳಿದಿರಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ರಗ್ಗು ಹೊದ್ದು ಮಲಗಿದರು.

ಬೆಳಿಗ್ಗೆ ಮೇಷ್ಟ್ರು ಸಿಕ್ಕರು. ಬೈಕಿಗೆ ಸೊಂಟ ಆನಿಸಿ ನಿಂತೇ ಇದ್ದರು, ಎಡಗೈ ಚಾಚಿಕೊಂಡು. ಆ ಕೈ ಪೆಟ್ಟಿಗೆಯೊಳಗೆ ಹಿಡಿಸಲಿಲ್ಲ. ಮಗಳು ಶವಾಗಾರದ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಒಣಕೊಂಬೆ ಮುರಿದ ಹಾಗೆ ಒಳಗಿನಿಂದ ಲಟಕ್ ಅಂತ ಸದ್ದು ಕೇಳಿಸಿತಂತೆ ಅವಳಿಗೆ… ಆಮೇಲೆ ಪೆಟ್ಟಿಗೆ ಮುಚ್ಚಿದರು.

ಗುಂಪಿನವರೆಲ್ಲ ಒಂದೇ ಸುಳ್ಳಿಗೆ ಕಟ್ಟುಬಿದ್ದರು. ಮೇಷ್ಟ್ರು ಮಾತು ಕೇಳಲಿಲ್ಲ, ನಿಲ್ಲಿಸಿದ ಜಾಗ ಬಿಟ್ಟು ದಾರಿ ತಪ್ಪಿಸಿಕೊಂಡು ಅಲೆದರು, ಎಲ್ಲರೂ ದಾಟಿದ ಮೇಲೆ ಅಲ್ಲಿಗೇ ವಾಪಸ್ ಬಂದಿರಬೇಕು ಅಂತ. ಪೊಲೀಸರು ನಂಬಿದರು. ಮಗಳಿಗೆ ಮಾತ್ರ ಅದು ಗಂಟಲಲ್ಲಿ ಇಳಿಯಲಿಲ್ಲ. ಒಂದು ಸಂಜೆ ಅಪ್ಪನ ಕನ್ನಡಕ ಹಿಡಿದು ಇವನ ಅಂಗಡಿಗೆ ಬಂದಳು. ಒಂದು ಕಡ್ಡಿ ಸಡಿಲವಾಗಿತ್ತು.

“ಸರಿಮಾಡ್ಕೊಡಿ. ಹಾಕ್ಕೊಳ್ಳೋರಿಲ್ಲ… ಮನೇಲಿ ಇಟ್ಕೋತೀನಿ.”

ಇವನು ಸ್ಕ್ರೂ ತಿರುಗಿಸತೊಡಗಿದ. ತಲೆ ಎತ್ತಲಿಲ್ಲ.

“ಕೊನೆಗೆ ಬಂದೋರು ನೀವೇ ಅಲ್ವಾ?” ಪಿಸುಮಾತಿನಲ್ಲೇ ಕೇಳಿದಳು. “ನೀವು ಬಂದಾಗ ಅಪ್ಪ ಆ ತಿರುವಲ್ಲಿ ಇದ್ರಾ?”

ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಆ ಹುಡುಗಿ ಅತ್ತು ಹಗುರಾಗುತ್ತಿದ್ದಳು. ಪಾಪಿ… ಹೇಳಲಿಲ್ಲ.

“ಇರ್ಲಿಲ್ಲಮ್ಮ. ಜಾಗ ಬಿಟ್ಟು ಹೋಗಿದ್ರು.”

“ನಮ್ಮಪ್ಪನಾ?” ಅಂದಳು. ಕನ್ನಡಕ ತೆಗೆದುಕೊಂಡು ಹೋದಳು.

ಬಾವಿಯ ಹತ್ತಿರ ಸೀಟಿ ಕೇಳಿಸಿದ್ದು ಅದೇ ರಾತ್ರಿ.

ಮಾರನೇ ರಾತ್ರಿ ಸೀಟಿ ಗೇಟಿನ ಹತ್ತಿರ ಬಂತು. ಅದರ ಮಾರನೇ ರಾತ್ರಿ ಮಲಗೋ ಕೋಣೆಯ ಕಿಟಕಿಗೆ. ಉದ್ದದ ಸೀಟಿ ಒಂದೇ. ಎರಡು ಗಿಡ್ಡ ಸೀಟಿ ಬರಲೇ ಇಲ್ಲ. ಹೆಂಡತಿ ಹೊರಳಿ ಮಲಗಿದಳು, ಅವಳಿಗೆ ಕೇಳಿಸುತ್ತಿರಲಿಲ್ಲ. ಇವನಿಗೆ ನಿದ್ದೆ ಹೋಯಿತು, ಊಟ ಹೋಯಿತು. ಅಂಗಡಿಯಲ್ಲಿ ಎಡಗಣ್ಣಿನ ಮಸೂರ ಬಲಗಣ್ಣಿಗೆ ಕೂರಿಸತೊಡಗಿದ. ಕೊನೆಗೆ ನಾಯಕನ ಜಿಮ್ಮಿಗೇ ಹೋಗಿ ಕೇಳಿದ.

“ನಿಂಗೂ… ಸೀಟಿ ಕೇಳುತ್ತಾ?”

“ತಲೆ ಕೆಟ್ಟಿದ್ಯಾ? ಹೋಗಿ ಮಲ್ಕೋ.”

ಆಗ ಒಂದು ಉಪಾಯ ಹೊಳೆಯಿತು. ಮೇಷ್ಟ್ರು ಕಾಯುತ್ತಿರೋದು ಬಾಲಕ್ಕೆ ತಾನೆ? ಒಂದು ಸಲ ಆ ತಿರುವು ದಾಟಿಬಿಟ್ಟರೆ ಅವರಿಗೂ ಬಿಡುಗಡೆ, ತನಗೂ ಬಿಡುಗಡೆ. ಮಗಳ ಮನೆ ಎರಡು ಬೀದಿ ಆಚೆ ಇತ್ತು. ಅಲ್ಲಿಗೆ ಹೋಗಿ ನಿಜ ಹೇಳೋದಕ್ಕಿಂತ ಆ ಬೆಟ್ಟ ಹತ್ತೋದೇ ಇವನಿಗೆ ಸುಲಭ ಅನ್ನಿಸಿತು ನೋಡಿ.

ಒಬ್ಬನೇ ಹೋದ. ಮೇಲೆ ಮುಟ್ಟೋ ಹೊತ್ತಿಗೆ ಕತ್ತಲು. ತಿರುವಿನ ಮೇಲೆ ತಿರುವು. ತಣ್ಣಗಾದ ಟೈರು ಹಿಡಿತ ಬಿಟ್ಟು ಸರಕ್ ಅಂತ ಜಾರೋದು. ಇಂಜಿನ್ ಗೊರ ಗೊರ ಅಂತ ಮುಕ್ಕರಿಯೋದು. ಹೆಲ್ಮೆಟ್ಟಿನೊಳಗೆ ಅವನದೇ ಉಸಿರು, ಹುಸ್… ಹುಸ್… ಕೊನೆಯ ತಿರುವು ಬಗ್ಗಿದ. ದೀಪದ ಬೆಳಕು ಒಂದು ಹಳದಿ ಜಾಕೆಟ್ಟಿನ ಮೇಲೆ ಬಿತ್ತು.

ನಿಂತಿದ್ದರು. ಎದೆ ಸೆಟೆದು, ಎಡಗೈ ಚಾಚಿ. ಆದರೆ ಕೈ ಮೊಣಕೈಯಿಂದ ಆಚೆ ಕೆಳಕ್ಕೆ ಜೋತಾಡುತ್ತಿತ್ತು… ಮುರಿದದ್ದು.

ಇವನು ನಿಲ್ಲಲಿಲ್ಲ. ಕಣ್ಣು ಮುಚ್ಚಿದ ಹಾಗೆ ಮಾಡಿ ಪಕ್ಕದಿಂದ ದಾಟಿಬಿಟ್ಟ. ಬೆನ್ನ ಹಿಂದೆ ಪೀಪ್… ಪೀಪ್. ಎರಡು, ಗಿಡ್ಡ. ಅಬ್ಬಾ! ಹೆಲ್ಮೆಟ್ಟಿನೊಳಗೇ ಜೋರಾಗಿ ಅತ್ತುಬಿಟ್ಟ. ಮುಗೀತು, ಮುಗೀತು ಅಂತ.

ಆಮೇಲೆ ಕನ್ನಡಿ ನೋಡಿದ. ಅದರಲ್ಲಿ ಒಂದು ದೀಪ.

ಬಾಲದ ಹಿಂದೆ ಯಾರೂ ಇರಬಾರದು ಅಂದೆನಲ್ಲ… ಇತ್ತು. ಹತ್ತಿರ ಬಂತು. ಇಂಜಿನ್ನಿನ ಸದ್ದಿಲ್ಲ, ಚೈನಿನ ಕಿರ್ ಕಿರ್ ಮಾತ್ರ. ಪಕ್ಕಕ್ಕೆ ಬಂತು. ಮುಂದೆ ಹೋಯಿತು. ಮುಂದಿನ ತಿರುವಿನಲ್ಲಿ ಆ ಹಳದಿ ಜಾಕೆಟ್ಟು, ಮುರಿದ ಎಡಗೈಯನ್ನು ಮೇಲಕ್ಕೆ ಎಸೆದ ಹಾಗೆ ಎತ್ತಿ, ರಸ್ತೆಯ ಅಂಚು ತೋರಿಸಿತು. ಇಲ್ಲಿ ನಿಲ್ಲು.

ಎಷ್ಟೋ ವರ್ಷದ ಅಭ್ಯಾಸ. ಬುದ್ಧಿ ಬೇಡ ಅನ್ನೋ ಮೊದಲೇ ಬ್ರೇಕು ಒತ್ತಿದ್ದ, ಕಾಲು ಊರಿದ್ದ, ಎಡಗೈ ಚಾಚಿದ್ದ. ಮುಂದಿನ ದೀಪ ಇಳಿದು ಹೋಯಿತು.

ಬೆಳಿಗ್ಗೆ ಹಿಮ ತೆಗೆಯೋ ಲಾರಿಯವನಿಗೆ ಇವನು ಸಿಕ್ಕ. ಜೀವವಿತ್ತು. ಟ್ಯಾಂಕಿನಲ್ಲಿ ಪೆಟ್ರೋಲಿತ್ತು, ಕೀ ತಿರುಗಿಸಿದ್ದರೆ ಸಾಕಿತ್ತು.

“ರಾತ್ರಿಯೆಲ್ಲಾ ಇಲ್ಲಿ ಯಾಕಪ್ಪಾ ನಿಂತಿದ್ದೆ?”

“ಬಾಲ… ಇನ್ನೂ ಬಂದಿಲ್ಲ.”

“ಯಾರಪ್ಪಾ ಅದು ಬಾಲ?”

ಇವನು ಯೋಚನೆ ಮಾಡಿದ. ಆಮೇಲೆ ಕಿರುಚಲು ಶುರುಮಾಡಿದ. ಲಾರಿಯಲ್ಲಿ ಬೆಟ್ಟ ಇಳಿಯೋ ತನಕ ಕಿರುಚುತ್ತಲೇ ಇದ್ದನಂತೆ: ನಾನೇ, ನಾನೇ ಅಂತ.

ಚಾಚಿದ್ದ ಆ ಎಡಗೈಯ ಬೆರಳುಗಳು ಚಳಿಗೆ ಸತ್ತುಹೋದವು. ಕೈ ಕೆಳಗಿಳಿಯಲಿಲ್ಲ. ಎಚ್ಚರವಿದ್ದಾಗ ಇನ್ನೊಂದು ಕೈಯಿಂದ ಒತ್ತಿ ಹಿಡಿದುಕೊಳ್ಳುತ್ತಾನೆ. ನಿದ್ದೆ ಬಂತೋ, ಎದ್ದುಬಿಡುತ್ತೆ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನೋ ಹಾಗೆ, ಕೊನೆಗೆ ಮೇಷ್ಟ್ರ ಮಗಳಿಗೆ ಹೇಳಿಕಳಿಸಿದ. ಬಂದಳು. ಸುರಂಗ, ನಗು, ಬಾಜಿ, ಅಂಗಡಿಯ ಸುಳ್ಳು, ಎಲ್ಲ ಹೇಳಿದ. ಅವಳು ಕಡೆಯ ತನಕ ಕೇಳಿದಳು. ಆ ಕೈಯನ್ನೇ ನೋಡುತ್ತಿದ್ದಳು.

“ನಂಗೆ ಬಿಡುಗಡೆ ಕೊಡ್ಸಮ್ಮ,” ಅಂದ. “ಒಂದು ಮಾತು ಹೇಳಮ್ಮ, ಸಾಕು.”

ಅವಳು ಎದ್ದು ನಿಂತಳು. “ನಿಂತಿರಿ,” ಅಂದಳು. ಹೊರಟುಹೋದಳು.

ಕತೆ ಕಟ್ಟುತ್ತಿದ್ದೀನಿ ಅನ್ನಬೇಡಿ. ಅವನ ಮಂಚದ ದಿಕ್ಕು ಬದಲಾಯಿಸಿ ನೋಡೋಣ ಅಂದಾಗ ಒಂದು ಕಡೆ ಹಿಡಿದದ್ದು ನಾನೇ. ತಲೆ ಆ ಕಡೆ ಮಾಡಿದೆವು, ಈ ಕಡೆ ಮಾಡಿದೆವು. ನಿದ್ದೆ ಹತ್ತಿದ ಮೇಲೆ ಕೈ ಏಳೋದು ಮೊದಲ ಸೀಟಿ ಕೇಳಿಸಿದ ಆ ಬಾವಿಯ ಕಡೆಗೇ. ಬಾವಿಗೂ ಅವರ ಮನೆಗೂ ನಡುವೆ ಇರೋದು ನಮ್ಮ ಮನೆ, ಈ ಗೋಡೆ. ರಾತ್ರಿಯೆಲ್ಲ ಗೋಡೆಗೆ ತಾಗಿ ಟಕ್… ಟಕ್… ಅಂತ ಸದ್ದಾಗೋದು, ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಪಾಪ, ಅವನ ಹೆಂಡತಿ ನಮ್ಮ ಹತ್ತಿರವೇ ಸುತ್ತಿಗೆ ಕೇಳಿ ಪಡೆದು, ಆ ಜಾಗಕ್ಕೆ ಒಂದು ಹಳೇ ದಿಂಬು ಇಟ್ಟು ಮೊಳೆ ಹೊಡೆದಿದ್ದಾಳೆ. ಸುತ್ತಿಗೆ ಇನ್ನೂ ವಾಪಸ್ ಬಂದಿಲ್ಲ. ಬೇಕಿದ್ದರೆ ನಾಳೆ ಹೋಗಿ ಕೇಳಿ.