ಬೆಳಗಿನ ವಾಕಿಂಗ್

ಪರದೇಶದ ವಾಸಕ್ಕೆ ಪರವಾನಗಿ ಕೊಡುವ ಕಚೇರಿಯದು. ಮುಂದಿನ ಬೆಂಚಿನಿಂದ ಕನ್ನಡ ಕೇಳಿದ್ದೇ, ತನ್ನ ಸರದಿಗೆ ಕಾಯುತ್ತಿದ್ದ ನರ್ಸಮ್ಮನ ಕಿವಿ ನೆಟ್ಟಗಾಯಿತು. ಅಲ್ಲಿ ಕೂತಿದ್ದವರು ಒಬ್ಬ ನಿವೃತ್ತ ಮೇಷ್ಟ್ರು, ಪಕ್ಕದಲ್ಲಿ ಅವರ ಹೆಂಡತಿ.

"ನಿವೃತ್ತರ ಪರವಾನಗಿನೇ ತಗೊಳ್ಳಿ," ಎಂದರು ಹೆಂಡತಿ. "ಅದು ಸಿಗೋಕೆ ಪೆನ್ಷನ್ ಇದ್ರೆ ಸಾಕಂತೆ. ಮಗಳ ಹಂಗ್ಯಾಕೆ?"

"ಅದಕ್ಕೆ ಇಲ್ಲಿ ದುಡಿಯಲ್ಲ ಅಂತ ಸಹಿ ಹಾಕ್ಬೇಕು ಕಣೇ. ಮಗಳ ಆಶ್ರಯದ್ದಾದ್ರೆ ಆ ತಂಟೆ ಇಲ್ಲ."

"ನೀವೆಲ್ಲಿ ದುಡೀತೀರಿ?"

ಮೇಷ್ಟ್ರು ಕೈಗಳನ್ನು ಜೇಬಿಗೆ ತುರುಕಿಕೊಂಡರು.

"ಊರೆಲ್ಲ ಬೆಳಿಗ್ಗೆ ವಾಕಿಂಗ್ ಹೋಗುತ್ತೆ ರೀ. ಬೆರಳು ನೆಂದು ಸುಕ್ಕಾಗಿ, ಪಾತ್ರೆ ಸೋಪು ನಾರ್ತಾ ಬರೋರು ನೀವೊಬ್ರೇ."

"ಕೈಖರ್ಚಿಗೆ ಮಗಳ ಹತ್ರ ಕೈಚಾಚೋಕೆ ಆಗ್ಲಿಲ್ಲ. ಅವಳಿಗೆ ಹೇಳ್ಬೇಡ."

"ನಿಮ್ಮನ್ನ ಹೋಟೆಲ್ ಹಿಂಬಾಗಿಲಲ್ಲಿ ಮೊದಲು ನೋಡಿದ್ದೇ ಅವಳು. ನಿಮಗೆ ಮುಖಭಂಗ ಆಗ್ಬಾರ್ದು ಅಂತ ಆಫೀಸಿಗೆ ಸುತ್ತಿಬಳಸಿ ಹೋಗ್ತಿದಾಳೆ."

ಅವರ ಸರದಿ ಬಂತು. ಕಾಗದಗಳನ್ನು ಹೆಂಡತಿಯೇ ಎತ್ತಿಕೊಂಡರು. ಮೇಷ್ಟ್ರ ಕೈ ಜೇಬಿನಿಂದ ಹೊರಗೆ ಬರಲಿಲ್ಲ.